ಮಾಳಿಗೆ ಮೆಟ್ಟಿಲಿಗೆ ಯಾವ ಮರ?

ಹಪ್ಪಳ-ಸಂಡಿಗೆಯ ಕಾಲ ಬಂತೆಂದರೆ ನಮ್ಮ ಬಳ್ಳಾರಿ ಕಡೆಯ ಹೆಂಗಸರು ದಿನಕ್ಕೆ ಹತ್ತು ಸಲ ಮಾಳಿಗೆ ಹತ್ತಿ ಇಳಿಯಬೇಕು. ತಲೆ ಮೇಲೊಂದು ಮೊರ, ಸೊಂಟದಲ್ಲೊಂದು ಕೂಸು. ಕಾಲಿಡುವ ಜಾಗ ಕಣ್ಣಿಗೆ ಕಾಣೋದಿಲ್ಲ. ಹೀಗಿರುವಾಗ ಹಿತ್ತಲಿನ ಮರದ ಮೆಟ್ಟಿಲನ್ನು ಅಗ್ಗಕ್ಕೆ ಸಿಕ್ಕಿತು ಅಂತ ಯಾವುದೋ ಹಲಗೆಯಲ್ಲಿ ಮಾಡಿಸಬಹುದೇ? ಯಜಮಾನರು ಕಟ್ಟಿಗೆ ಅಡ್ಡೆಗೆ ಹೊರಡುವ ಮುಂಚೆ ನೀವೇ ನಾಲ್ಕು ಮಾತು ತಿಳಿದಿರಿ. ಹತ್ತುವವರು ನೀವು ತಾನೆ!

ಮರದ ಹೆಸರಿಗಿಂತ ಚೇಗು ಮುಖ್ಯ. ಹಲಗೆಯ ತುದಿ ನೋಡಿದರೆ ನಡುವೆ ಗಾಢ ಬಣ್ಣದ ಗಟ್ಟಿ ಭಾಗ ಕಾಣುತ್ತದಲ್ಲ, ಅದೇ ಚೇಗು. ಅಂಚಿನ ಬಿಳುಪು ಭಾಗಕ್ಕೆ ಗೆದ್ದಲು ಬೇಗ ಹತ್ತುತ್ತದೆ, ಮಳೆಗೂ ಬೇಗ ಕೊಳೆಯುತ್ತದೆ. ಸಾಗುವಾನಿ ಉತ್ತಮ, ನಿಜ. ಆದರೆ ಎಳೆಯ ಸಾಗುವಾನಿಯಲ್ಲಿ ಬಿಳುಪೇ ಹೆಚ್ಚು. ಅದಕ್ಕೆ ದುಡ್ಡು ಸುರಿಯುವುದಕ್ಕಿಂತ ಬಲಿತ ಕರಿಜಾಲಿಯ ಚೇಗು ಎಷ್ಟೋ ವಾಸಿ. ಹಿರಿಯರು ಬಂಡಿ ಗಾಲಿಗೆ, ನೇಗಿಲಿಗೆ ಬಳಸುತ್ತಿದ್ದ ಮರ ಅದು. ಮೊಳೆ ಹೊಡೆದರೆ ಸೀಳೀತು. ಮೊದಲು ತೂತು ಕೊರೆದು ತುಕ್ಕು ಹಿಡಿಯದ ಸ್ಕ್ರೂ ಹಾಕಲು ಬಡಿಗೇರರಿಗೆ ಹೇಳಿ. ಬೇವಿನ ಚೇಗೂ ಆದೀತು. ಮಾವು ಬಯಲಿಗೆ ಬೇಡವೇ ಬೇಡ.

ಅಡ್ಡೆಯಲ್ಲಿ "ಜಾಲಿ" ಎಂದರೆ ಯಾವ ಜಾಲಿ ಎಂದು ಕೇಳಿ. ಬಳ್ಳಾರಿ ಜಾಲಿಗೆ ಹೆಸರು ನಮ್ಮೂರಿನದು, ಮರ ಮಾತ್ರ ಅಮೆರಿಕ ಖಂಡದಿಂದ ಬಂದದ್ದು! ಅದೂ ಗಟ್ಟಿಯೇ, ಆದರೆ ಸೊಟ್ಟ. ಮೂರಡಿ ನೇರ ಹಲಗೆ ಸಿಗುವುದು ಕಷ್ಟ. ಒಲೆಗೆ ಇರಲಿ.

ಹಸಿ ಹಲಗೆ ತರಬೇಡಿ. ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಸಿ ಮರ ಬಾಗಿ ಬಿರಿಯುತ್ತದೆ. ನೆರಳಲ್ಲಿ ಗಾಳಿ ಆಡುವಂತೆ ಪೇರಿಸಿ ಒಣಗಿಸಿದ್ದೇ ಆಗಬೇಕು. ದಪ್ಪ ಒಂದೂವರೆ ಇಂಚು, ಕಾಲಿಡುವ ಅಗಲ 10 ಇಂಚಾದರೂ ಇರಲಿ.

ಇನ್ನು ಬುಡ. ಸಿರುಗುಪ್ಪ ಕಡೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಅದರಲ್ಲಿ ಹೂತರೆ ಎಂಥ ಚೇಗಿಗೂ ಆಯುಷ್ಯ ಕಡಿಮೆ, ಮೆಟ್ಟಿಲೂ ವಾಲುತ್ತದೆ. ಕುರುಗೋಡಿನ ಗುಡ್ಡ ಇಟ್ಟುಕೊಂಡು ನಮಗೆ ಕಲ್ಲಿಗೇನು ಬರ? ಗಟ್ಟಿ ತಳದ ಮೇಲೆ ಅರ್ಧ ಅಡಿ ಎತ್ತರದ ಕಲ್ಲು ಕೂರಿಸಿ, ಅದರ ಮೇಲೆ ಮರ ನಿಲ್ಲಿಸಿ.

ಕೆಲವರು ಲಾರಿಯ ವೇಸ್ಟ್ ಆಯಿಲ್ಲು ಬಳಿಯುತ್ತಾರೆ. ಕಾಲು ಜಾರುತ್ತದೆ, ಸೀರೆ ಅಂಚು ಹಾಳು. ಅಗಸೆ ಎಣ್ಣೆಯನ್ನು ತೆಳುವಾಗಿ ಒರೆಸಿ, ಹಲಗೆಯ ತುದಿಗೆ ಎರಡು ಸಲ, ನೀರು ಹೀರುವುದು ಅಲ್ಲೇ. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಮತ್ತೆ ಎಣ್ಣೆ ಕೊಡುವಾಗ ಹಲಗೆ ಕೂಡುವಲ್ಲಿ, ಬುಡದಲ್ಲಿ ಚಾಕು ಚುಚ್ಚಿ ನೋಡಿ. ಮೆತ್ತಗೆ ಇಳಿದರೆ ಅಂದೇ ಬಡಿಗೇರರಿಗೆ ಹೇಳಿಕಳಿಸಿ.