ಹಠಕ್ಕೆ ಪಥ್ಯವುಂಟೇ?

ಮಗು ಹೇಳಿದ ಮಾತು ಕೇಳುವುದಿಲ್ಲ, ಎದುರುತ್ತರ ಕೊಡುತ್ತದೆ, ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತದೆ ಎಂದು ತಾಯಿಯೊಬ್ಬಳು ಹೇಳಿಕೊಂಡರೆ ಸಾಕು, ಸಲಹೆಗಳಿಗೆ ಬರವಿಲ್ಲ. ಅಜ್ಜಿಯ ಲೆಕ್ಕದಲ್ಲಿ ಅದು ಉಷ್ಣ, ಎಳನೀರು ಕುಡಿಸಬೇಕು. ಪಕ್ಕದ ಮನೆಯವರ ಪ್ರಕಾರ ದೃಷ್ಟಿ. ವಾಟ್ಸ್‌ಆ್ಯಪ್ ಗುಂಪಿನವರು ಸಕ್ಕರೆ, ಮೈದಾ, ಹಾಲು ಎಲ್ಲವನ್ನೂ ಬಿಡಿಸಿ ಎನ್ನುತ್ತಾರೆ. ಇವುಗಳಲ್ಲಿ ಪಥ್ಯದ ಮಾತು ಬೇಗ ಮನಸ್ಸಿಗೆ ಹಿಡಿಸುತ್ತದೆ. ತಪ್ಪು ಮಗುವಿನದೂ ಅಲ್ಲ, ಹೆತ್ತವರದೂ ಅಲ್ಲ, ಪ್ಯಾಕೆಟ್ಟಿನೊಳಗಿನ ಬಣ್ಣದ್ದು ಎಂದಾಗ ಅರ್ಧ ಭಾರ ಇಳಿದಂತಾಗುತ್ತದೆ.

ಇದು ಬರೀ ಗಾಳಿಮಾತೂ ಅಲ್ಲ. 1970ರ ದಶಕದಲ್ಲಿ ಅಮೆರಿಕದ ಅಲರ್ಜಿ ತಜ್ಞ ಬೆಂಜಮಿನ್ ಫೈನ್‌ಗೋಲ್ಡ್, ಕೃತಕ ಬಣ್ಣ ಮತ್ತು ಸ್ವಾದಗಳಿಂದ ಮಕ್ಕಳ ಚಂಚಲತೆ ಹೆಚ್ಚುತ್ತದೆ ಎಂದು ಹೇಳಿ ದೊಡ್ಡ ಚರ್ಚೆ ಎಬ್ಬಿಸಿದರು. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಮೂರು ವರ್ಷದ ಮತ್ತು ಎಂಟು-ಒಂಬತ್ತು ವರ್ಷದ ಮಕ್ಕಳಿಗೆ ಬಣ್ಣ ಹಾಗೂ ಸೋಡಿಯಂ ಬೆಂಜೋಯೇಟ್ ಎಂಬ ಸಂರಕ್ಷಕ ಬೆರೆಸಿದ ಪಾನೀಯ ಕೊಟ್ಟು ಪರೀಕ್ಷಿಸಿದರು. ಚಂಚಲತೆ ಸ್ವಲ್ಪ ಹೆಚ್ಚಿದ್ದು ಕಂಡಿತು, ಆದರೆ ಎಲ್ಲ ಮಕ್ಕಳಲ್ಲೂ ಒಂದೇ ರೀತಿ ಅಲ್ಲ. 2010ರಿಂದ ಐರೋಪ್ಯ ಒಕ್ಕೂಟದಲ್ಲಿ ಆರು ಬಣ್ಣಗಳಲ್ಲಿ ಯಾವುದಿದ್ದರೂ ಪೊಟ್ಟಣದ ಮೇಲೆ ಎಚ್ಚರಿಕೆ ಅಚ್ಚಾಗಲೇಬೇಕು. ಆ ಪಟ್ಟಿಯಲ್ಲಿರುವ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ ನಮ್ಮಲ್ಲೂ ಮಿತಿಯೊಳಗೆ ಬಳಸಲು ಅನುಮತಿ ಇರುವಂಥವೇ. 2024ರಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ, ಕಬಾಬುಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಎಂಬ ಬಣ್ಣ ಹಾಕುವುದನ್ನೂ ತಡೆಯಿತು. ಅದು ಆರೋಗ್ಯದ ಕಾರಣಕ್ಕೆ, ಹಠದ ಕಾರಣಕ್ಕಲ್ಲ. ಆದರೂ ಬಣ್ಣದ ತಿಂಡಿ ಬಿಡಿಸಿದರೆ ಮಗುವಿಗೆ ನಷ್ಟವೇನಿಲ್ಲ.

ಸಕ್ಕರೆಯ ಕಥೆ ಬೇರೆ. 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನಕ್ಕೆ, ತಮ್ಮ ಮಗನಿಗೆ ಸಕ್ಕರೆ ಆಗಿಬರುವುದಿಲ್ಲ ಎಂದು ನಂಬಿದ್ದ ತಾಯಂದಿರನ್ನೇ ಆರಿಸಿಕೊಂಡಿದ್ದರು. ಹುಡುಗರಿಗೆ ಐದರಿಂದ ಏಳು ವರ್ಷ. ಕೊಟ್ಟ ಪಾನೀಯದಲ್ಲಿ ಯಾರಿಗೂ ಸಕ್ಕರೆ ಇರಲಿಲ್ಲ. ಅರ್ಧ ತಾಯಂದಿರಿಗೆ ಮಾತ್ರ ‘ನಿಮ್ಮ ಮಗನಿಗೆ ಸಕ್ಕರೆ ಕೊಟ್ಟಿದ್ದೇವೆ’ ಎಂದು ಹೇಳಲಾಯಿತು. ಹಾಗೆ ಕೇಳಿಸಿಕೊಂಡವರಿಗೆ ಮಗನ ಚಂಚಲತೆ ಹೆಚ್ಚಾಗಿ ಕಂಡಿತು. ಅಷ್ಟೇ ಅಲ್ಲ, ಅವರು ಮಗನ ಬೆನ್ನಿಗೇ ಅಂಟಿಕೊಂಡು ಕೂತರು, ಹೆಚ್ಚು ತಪ್ಪು ಹುಡುಕಿದರು. ಇಡೀ ದಿನ ಹಾಗೆ ಕಾವಲು ಕಾದರೆ ಸಾಧು ಮಗುವೂ ತಿರುಗಿ ಬೀಳುತ್ತದೆ.

ಹಠ ಬೆಳೆಯುವ ಜಾಗವನ್ನು ನೋಡಬೇಕಾದರೆ ಯಾವುದೇ ಮನೆಯಲ್ಲಿ ಸಂಜೆ ಐದರ ಹೊತ್ತಿಗೆ ಕೂರಬೇಕು. ಶಾಲೆಯಿಂದ ಬಂದ ಹುಡುಗನ ಬ್ಯಾಗಿನಲ್ಲಿ ಮಧ್ಯಾಹ್ನದ ಡಬ್ಬಿ ಅರ್ಧ ಹಾಗೇ ಇದೆ. ಚಿಪ್ಸ್ ಬೇಕು ಎನ್ನುತ್ತಾನೆ. ಅಮ್ಮ ಬೇಡ ಎನ್ನುತ್ತಾಳೆ. ಅವನ ದನಿ ಏರುತ್ತದೆ, ಅವಳದೂ ಏರುತ್ತದೆ. ಫ್ರಿಜ್ಜಿನ ಬಾಗಿಲಿಗೆ ಒದೆ ಬೀಳುತ್ತದೆ. ಒಳಗಿನಿಂದ ಅಪ್ಪ, “ಕೊಟ್ಬಿಡೇ ಅತ್ಲಾಗೆ, ತಲೆ ಸಿಡೀತಿದೆ!” ಪ್ಯಾಕೆಟ್ ಹರಿಯುತ್ತದೆ, ಮನೆ ತಣ್ಣಗಾಗುತ್ತದೆ. ಕೂಗಿದರೆ ಸಿಗುತ್ತದೆ ಎಂದು ಹುಡುಗ ಕಲಿತ. ಕೊಟ್ಟರೆ ಗಲಾಟೆ ನಿಲ್ಲುತ್ತದೆ ಎಂದು ದೊಡ್ಡವರೂ ಕಲಿತರು. ಅಮೆರಿಕದ ಆರೆಗಾನ್‌ನಲ್ಲಿ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಮನೆಮನೆಗಳಲ್ಲಿ ಗಮನಿಸಿ ವಿವರಿಸಿದ್ದು ಇದೇ ಸುತ್ತನ್ನು. ಇಂಥ ಮಕ್ಕಳ ವಿಷಯದಲ್ಲಿ ಈವರೆಗೆ ಹೆಚ್ಚು ಫಲ ಕೊಟ್ಟಿರುವುದೂ ಹೆತ್ತವರಿಗೆ ಕೊಡುವ ತರಬೇತಿಯೇ. ಒಳ್ಳೆಯದನ್ನು ಕಂಡ ಕೂಡಲೇ ಹೇಳುವುದು, ಕೆಲವೇ ನಿಯಮ ಇಟ್ಟುಕೊಂಡು ಮುರಿಯದಿರುವುದು, ಅಪ್ಪ-ಅಮ್ಮ-ಅಜ್ಜಿ ಒಂದೇ ಮಾತಾಡುವುದು.

ಹಾಗಾದರೆ ಊಟಕ್ಕೂ ಹಠಕ್ಕೂ ಸಂಬಂಧವೇ ಇಲ್ಲವೇ? ಇದೆ, ಆದರೆ ನಾವು ಹುಡುಕುವ ಕಡೆ ಅಲ್ಲ. ಯಾವುದನ್ನು ಬಿಡಿಸಬೇಕು ಎಂದು ಯೋಚಿಸುವವರು ಮಗುವಿಗೆ ಏನು ಸಾಲುತ್ತಿಲ್ಲ ಎಂದು ಕೇಳುವುದು ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ಭಾರತೀಯ ಮಕ್ಕಳಲ್ಲಿ ಶೇ 67.1ರಷ್ಟು ಮಂದಿಗೆ ರಕ್ತಹೀನತೆ. ಕಬ್ಬಿಣಾಂಶ ಕಡಿಮೆಯಾದ ಮಗು ಸುಸ್ತಾಗುತ್ತದೆ, ಸಿಡಿಮಿಡಿಗುಟ್ಟುತ್ತದೆ, ಪಾಠದಲ್ಲಿ ಮನಸ್ಸು ನಿಲ್ಲಿಸುವುದಿಲ್ಲ. ಊಟ ಬೇಡವೆಂದಾಗಲೆಲ್ಲ ಒಂದು ಲೋಟ ಹಾಲು ಕುಡಿಸಿ ಸಮಾಧಾನಪಟ್ಟುಕೊಳ್ಳುವ ಮನೆಗಳಲ್ಲಿ ಈ ಕೊರತೆ ಗೊತ್ತಾಗದೆ ಬೆಳೆಯುತ್ತದೆ. ಊಟದ ಜೊತೆ ಚಹಾ ಕೊಟ್ಟರೆ ಇನ್ನೂ ಹೆಚ್ಚುತ್ತದೆ. ಸೊಪ್ಪಿನ ಸಾರು, ಮೊಳಕೆಕಾಳು, ಮೊಟ್ಟೆ, ಮೇಲೆ ಒಂದಿಷ್ಟು ನಿಂಬೆಹುಳಿ ದುಬಾರಿ ಪಥ್ಯವೇನಲ್ಲ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಶಾಲಾ ಬಸ್ ಹತ್ತಿದ, ರಾತ್ರಿ ಹನ್ನೊಂದಕ್ಕೆ ಮಲಗಿದ ಮಗುವಿನ ಸಿಟ್ಟಿಗಂತೂ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಪಥ್ಯ ಮಾಡಿಸಲೇಬೇಕು ಎನಿಸಿದರೆ ಮನೆಮಂದಿಯೆಲ್ಲ ಮಾಡಬೇಕು. ತಂಗಿಗೆ ಕೇಕು, ಅಣ್ಣನಿಗೆ ಮಾತ್ರ ಬೇಡ ಎಂದರೆ ಅದು ಶಿಕ್ಷೆಯೇ. ಮೊದಲೇ ಹಠದ ಮಗುವಿಗೆ ಜಗಳಕ್ಕೆ ದಿನಕ್ಕೆ ಮೂರು ಹೊತ್ತು ಹೊಸ ನೆಪ ಸಿಕ್ಕಂತೆ. ಒಂದು ಸಲಕ್ಕೆ ಒಂದೇ ಪದಾರ್ಥ ನಿಲ್ಲಿಸಿ ಕೆಲವು ವಾರ ನೋಡಬೇಕು. ಹಾಲು, ಗೋಧಿಯಂಥವನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ನಿಲ್ಲಿಸಿದ್ದನ್ನು ಟೀಚರಿಗೆ ಹೇಳದೆ, ‘ಈಚೆಗೆ ಕ್ಲಾಸಿನಲ್ಲಿ ಹೇಗಿದ್ದಾನೆ?’ ಎಂದಷ್ಟೇ ಕೇಳಿ ನೋಡಬೇಕು. ನಮ್ಮ ಕಣ್ಣು ನಂಬಿದ್ದನ್ನೇ ಕಾಣುತ್ತದೆ, ಅವರದು ಹಾಗಲ್ಲ.

ಸಿಟ್ಟು, ವಾದ, ಸೇಡು ಆರು ತಿಂಗಳು ದಾಟಿಯೂ ನಡೆದಿದ್ದರೆ, ಮನೆಯಷ್ಟೇ ಅಲ್ಲದೆ ಶಾಲೆಯಲ್ಲೂ ಕಷ್ಟವಾಗಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗವಿದೆ. ದೂರದ ಊರಿನವರು ಟೆಲಿ-ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಮೊದಲು ಕೇಳುವುದು ಮಗು ಏನು ತಿಂದಿತು ಎಂದಲ್ಲ. ಅದು ಹಠ ಹಿಡಿದಾಗ ಮನೆಯವರು ಏನು ಮಾಡಿದರು ಎಂದು. ಉತ್ತರಿಸಲು ಮುಜುಗರವಾಗುತ್ತದೆ, ಆದರೆ ಬದಲಿಸಲು ನಮ್ಮ ಕೈಯಲ್ಲಿ ಇರುವುದು ಹೆಚ್ಚಾಗಿ ಅದೇ.