ಆರೋಗ್ಯ ವಿಚಾರ: ದಮ್ಮು ವಂಶದ್ದೋ, ಹೊಗೆಯದ್ದೋ?

ಹೋದ ತಿಂಗಳು ಗೃಹಸ್ಥರೊಬ್ಬರು ನನಗೆ ಬರೆದ ಕಾಗದದಲ್ಲಿ, ತಮ್ಮ ತಾತನವರೂ ತಂದೆಯವರೂ ನಲವತ್ತೈದು ತುಂಬುವುದರೊಳಗೆ ದಮ್ಮಿಗೆ ಸಿಕ್ಕಿ ನಾಲ್ಕು ಮೆಟ್ಟಿಲು ಹತ್ತಲಾರದವರಾದರೆಂದು ತಿಳಿಸಿ, “ವಂಶದ ರೋಗವಾದ ಮೇಲೆ ನಾನು ಬೀಡಿಯನ್ನು ಬಿಟ್ಟು ಪ್ರಯೋಜನವೇನು?” ಎಂದು ಕೇಳಿದ್ದಾರೆ. ಪ್ರಶ್ನೆಯು ಯೋಗ್ಯವಾದುದೇ, ಅದರೊಳಗಿನ ತರ್ಕ ಮಾತ್ರ ತಲೆಕೆಳಗಾಗಿದೆ. ಅದನ್ನು ತೋರಿಸುವುದಕ್ಕೆ ಸ್ವೀಡನ್ ದೇಶದ ಒಂದು ವೃತ್ತಾಂತವನ್ನು ಹೇಳಬೇಕಾಗಿದೆ.

ವ್ಯಾಧಿಗಳು ಬೀಜದ ಮೂಲಕ ಬರುವುವೆಂಬುದು ನಮ್ಮವರಿಗೆ ಹೊಸ ಮಾತಲ್ಲ. ಶುಕ್ರಶೋಣಿತಗಳ ದೋಷದಿಂದ ಹುಟ್ಟುವ ರೋಗಗಳನ್ನು ಸುಶ್ರುತನು ಆದಿಬಲಪ್ರವೃತ್ತಗಳೆಂದು ಬೇರೆಯಾಗಿಯೇ ಎಣಿಸಿದ್ದಾನೆ. ಆದರೆ ಶ್ವಾಸಕೋಶದ ವಿಷಯದಲ್ಲಿ ಅಂಥದೊಂದು ದೋಷವನ್ನು ಬೆರಳಿಟ್ಟು ತೋರಿಸಿದ್ದು 1963ರಲ್ಲಿ. ಮಾಲ್ಮೋ ಪಟ್ಟಣದಲ್ಲಿ ಲಾರೆಲ್ ಎಂಬ ಪಂಡಿತರು ರೋಗಿಗಳ ರಕ್ತದಲ್ಲಿನ ಪ್ರೋಟೀನುಗಳನ್ನು ವಿದ್ಯುಚ್ಛಕ್ತಿಯಿಂದ ಪಟ್ಟೆಪಟ್ಟೆಯಾಗಿ ವಿಂಗಡಿಸಿ ನೋಡುತ್ತಿದ್ದಾಗ, ಸುಮಾರು 1500 ಪರೀಕ್ಷೆಗಳ ಪೈಕಿ ಐದರಲ್ಲಿ ಒಂದು ಪಟ್ಟೆಯು ಕಾಣದೆ ಹೋಯಿತು. ಕೈತಪ್ಪೆಂದು ಬದಿಗಿಡುವುದು ಸುಲಭವಾಗಿತ್ತು. ಅವರು ಹಾಗೆ ಮಾಡದೆ, ಎರಿಕ್ಸನ್ ಎಂಬ ತರುಣ ವೈದ್ಯರೊಡನೆ ಆ ಐವರ ಸ್ಥಿತಿಯನ್ನು ವಿಚಾರಿಸಲಾಗಿ, ಮೂವರಿಗೆ ಎಳೆಯ ವಯಸ್ಸಿನಲ್ಲಿಯೇ ಶ್ವಾಸಕೋಶದ ಗಾಳಿಗೂಡುಗಳು ಹಾಳಾಗಿದ್ದುವು.

ಕಾಣದೆಹೋದ ವಸ್ತುವಿಗೆ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂದು ಹೆಸರು. ಯಕೃತ್ತಿನಲ್ಲಿ ಹುಟ್ಟಿ ರಕ್ತದೊಡನೆ ಶ್ವಾಸಕೋಶಕ್ಕೆ ಬರುವ ಇದು ಅಲ್ಲಿ ಕಾವಲುಗಾರನಂತಿರುತ್ತದೆ. ಕ್ರಿಮಿಗಳನ್ನು ಕೊಲ್ಲಲು ಬರುವ ಬಿಳಿಯ ರಕ್ತಕಣಗಳು ತೀಕ್ಷ್ಣವಾದ ರಸವೊಂದನ್ನು ಸುರಿಸುತ್ತವೆ. ಅದು ಗಾಳಿಗೂಡುಗಳ ಹಿಗ್ಗಿ ಕುಗ್ಗುವ ನಾರನ್ನೇ ತಿಂದುಹಾಕದಂತೆ ತಡೆಯುವುದು ಈ ಕಾವಲುಗಾರನ ಕೆಲಸ.

ಈ ಪ್ರೋಟೀನು 394 ಘಟಕಗಳ ಸರಪಣಿ. ದೋಷದ ಮುಖ್ಯವಾದ ರೂಪದಲ್ಲಿ 342ನೆಯದೊಂದೇ ಬದಲಾಗಿರುತ್ತದೆ. ಮೂವತ್ತು ವರ್ಷಗಳ ಕಾಲ ಹುಡುಗರ ಬರಹವನ್ನು ತಿದ್ದಿದವನಿಗೆ ಇದರಲ್ಲಿ ಆಶ್ಚರ್ಯವಿಲ್ಲ: ‘ಸಕಲ’ವೆಂದು ಬರೆಯುವಲ್ಲಿ ‘ಶಕಲ’ವೆಂದು ಬರೆದರೆ ಇಡಿಯದು ಚೂರಾಗುತ್ತದೆ! ಹೀಗೆ ತಪ್ಪಿದ ಪ್ರೋಟೀನು ಒಂದಕ್ಕೊಂದು ತೊಡರಿಕೊಂಡು ಯಕೃತ್ತಿನಲ್ಲಿಯೇ ನಿಂತುಬಿಡುತ್ತದೆ. ಕೆಲವರಿಗೆ ಯಕೃತ್ತಿನ ರೋಗವೂ ಇದರಿಂದಲೇ. ತಂದೆತಾಯಿಗಳಿಬ್ಬರಿಂದಲೂ ಈ ತಪ್ಪುಪಾಠವನ್ನೇ ಪಡೆದವರ ರಕ್ತದಲ್ಲಿ ಕಾವಲಿನ ವಸ್ತುವು ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ ಉಳಿದಿರುತ್ತದೆ. ಒಬ್ಬರಿಂದ ಮಾತ್ರ ಪಡೆದವರು ಸಾಮಾನ್ಯವಾಗಿ ನೆಟ್ಟಗಿರುವರು; ಅಂಥ ಇಬ್ಬರು ದಂಪತಿಗಳಾದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ಪೂರ್ಣದೋಷ ಬರುವ ಸಂಭವ ನಾಲ್ಕರಲ್ಲೊಂದು.

ಇಲ್ಲಿಗೆ ನಿಲ್ಲಿಸಿದರೆ ಕಾಗದ ಬರೆದವರ ಮಾತೇ ಗೆದ್ದಂತೆ ಕಾಣುವುದು. ಆದರೆ ಪೂರ್ಣದೋಷವುಳ್ಳವರಲ್ಲಿಯೂ ತಂಬಾಕಿನ ಹೊಗೆಯನ್ನು ಮುಟ್ಟದವರು ಅನೇಕರು ಬಹುಕಾಲ ಬಾಳುತ್ತಾರೆ. ಸೇದುವವರಿಗೋ ಮೂವತ್ತು ನಲವತ್ತರ ವಯಸ್ಸಿಗೇ ಏದುಸಿರು. ಹೊಗೆಯು ಬಿಳಿಯ ಕಣಗಳನ್ನು ಗುಂಪುಗುಂಪಾಗಿ ಕರೆತರುವುದಲ್ಲದೆ, ಇರುವಷ್ಟು ಕಾವಲನ್ನೂ ನಿರ್ವೀರ್ಯಗೊಳಿಸುತ್ತದೆ. ಕಾವಲು ಕಡಮೆಯಿರುವ ಮನೆಯವನೇ ಅಲ್ಲವೆ ಕಳ್ಳನಿಗೆ ಬಾಗಿಲು ತೆರೆಯಬಾರದವನು?

ಈ ದೋಷವು ಉತ್ತರ ಯೂರೋಪಿನ ಮೂಲದವರಲ್ಲಿ ಹೆಚ್ಚು, ನಮ್ಮಲ್ಲಿ ಅಪೂರ್ವ. ನಮ್ಮ ದೇಶದ ದಮ್ಮಿಗೆ ಬೀಡಿಯ ಹೊಗೆ, ಗಾಳಿಯಾಡದ ಅಡಿಗೆಮನೆಯ ಸೌದೆಬೆರಣಿಯ ಹೊಗೆ, ಇವೇ ಬಲವಾದ ಕಾರಣಗಳು. ಎಂದೂ ಬೀಡಿ ಮುಟ್ಟದ ಹೆಂಗಸರು ಒಲೆಯ ಮುಂದೆ ಕುಳಿತೇ ಈ ರೋಗವನ್ನು ಪಡೆದಿದ್ದಾರೆ. ಅದನ್ನು ವಂಶದ ಲೆಕ್ಕಕ್ಕೆ ಬರೆಯುವುದು ನಮಗೆ ಅನುಕೂಲವಾಗಿದ್ದಿತಷ್ಟೆ. ತಾತ, ತಂದೆ, ಮಗ ಮೂವರೂ ಒಂದೇ ಬೀಜದವರು, ನಿಜ. ಒಂದೇ ಹೊಗೆಯಲ್ಲಿ ಕುಳಿತವರೂ ಹೌದಲ್ಲವೆ?

ಆದಕಾರಣ ಪತ್ರಲೇಖಕರಿಗೆ ನನ್ನ ಸೂಚನೆ ಇದು. ಅವರು ಶ್ವಾಸಕೋಶದ ವೈದ್ಯರನ್ನು ಕಂಡು, ಮನೆತನದ ಸಂಗತಿಯನ್ನು ಮುಚ್ಚದೆ ಹೇಳಿ, ಊದಿಸಿ ನೋಡುವ ಪರೀಕ್ಷೆಯನ್ನೂ ಮೇಲ್ಕಂಡ ಪ್ರೋಟೀನಿನ ರಕ್ತಪರೀಕ್ಷೆಯನ್ನೂ ಮಾಡಿಸಿಕೊಳ್ಳಲಿ. ದೋಷವು ಕಂಡುಬಂದರೆ ಒಡಹುಟ್ಟಿದವರಿಗೂ ತಿಳಿಸಲಿ. ಬೀಡಿಯನ್ನು ಬಿಡುವುದಕ್ಕೆ ಮಾತ್ರ ಪರೀಕ್ಷೆಯ ಫಲ ಬರುವವರೆಗೆ ಕಾಯಬೇಕಾದುದಿಲ್ಲ.