ವಿದ್ವಾಂಸರಲ್ಲದವರ ಓದು

ಪ್ರಾಚೀನ ಜೈನ ಕಾವ್ಯಗಳನ್ನು ಗದ್ಯಾನುವಾದದ ನೆರವಿನಿಂದ ಓದಿ, ತಮಗೆ ತೋಚಿದ್ದನ್ನು ನೇರವಾಗಿ ನುಡಿಯುವ ಸಾಮಾನ್ಯ ಓದುಗರನ್ನು ನಮ್ಮ ವಿದ್ವದ್ವಲಯ ಬಹುಮಟ್ಟಿಗೆ ಉಪೇಕ್ಷಿಸಿದೆ. ‘ಹಿಡಿಸಿತು’, ‘ಹಿಡಿಸಲಿಲ್ಲ’ ಎಂಬುದು ವಿಮರ್ಶೆಯಲ್ಲ ಎನ್ನುತ್ತೇವೆ. ಇರಬಹುದು. ಆದರೆ ಕೃತಿಯ ಮರ್ಮಕ್ಕೆ ಇಂಥ ಮಾತುಗಳು ನಮ್ಮ ಸಂಶೋಧನ ಲೇಖನಗಳಿಗಿಂತ ಸಮೀಪವಾಗಿರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಬಸದಿಯ ಸ್ವಾಧ್ಯಾಯಕ್ಕೆ ತಪ್ಪದೆ ಬರುವ ಶ್ರಾವಕಿಯೊಬ್ಬರು ಜನ್ನನ ‘ಯಶೋಧರ ಚರಿತೆ’ಯನ್ನು (1209) ಓದಿ ಮುಗಿಸಿ, “ಅಮೃತಮತಿಯ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಕೇಳಲೇ ಇಲ್ಲವಲ್ಲ, ಸರ್?” ಎಂದರು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಸಿಡುಕಿದರು. ಅವರಿಗೆ ಅದು ಧರ್ಮವನ್ನೇ ಪ್ರಶ್ನಿಸಿದಂತೆ ಕೇಳಿಸಿತು. ನನಗೆ ಹಾಗೆನಿಸಲಿಲ್ಲ. ಯಶೋಧರ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಜೀವವಿರುವ ಯಾವುದನ್ನೂ ಅವನು ಕೊಂದಿಲ್ಲ. ಆದರೂ ಅವನೂ ಅವನ ತಾಯಿಯೂ ಭವಭವಗಳಲ್ಲಿ ತೊಳಲುತ್ತಾರೆ, ಏಕೆಂದರೆ ಇಲ್ಲಿ ತೂಗಲ್ಪಡುವುದು ಕೃತ್ಯಕ್ಕಿಂತ ಮಿಗಿಲಾಗಿ ಸಂಕಲ್ಪ. ಭಾವವನ್ನೇ ತಕ್ಕಡಿಗಿಟ್ಟ ಕಾವ್ಯದಲ್ಲಿ ಅರಸನ ಭಾವಕ್ಕೆ ಇಷ್ಟು ತೂಕವಾದರೆ ಅರಸಿಯದಕ್ಕೆ ಎಷ್ಟು? ಇದು ಜನ್ನನ ತರ್ಕದೊಳಗಿನಿಂದಲೇ ಹುಟ್ಟುವ ಪ್ರಶ್ನೆ. ಮಾವುತ ಅಷ್ಟಾವಂಕನ ಹಾಡಿಗೆ ಅವಳು ಸೋಲುವ ಭಾಗ ಓದುಗರನ್ನು ಇಂದಿಗೂ ಕಾಡುತ್ತದೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ಹುಟ್ಟಿದ್ದೂ ಈ ಕಥೆಯಿಂದಲೇ. ನಾವೋ ತರಗತಿಯಲ್ಲಿ ಅವಳನ್ನು ಒಂದು ನೀತಿದೃಷ್ಟಾಂತವಾಗಿಸಿ ಪಾಠ ಮುಗಿಸುತ್ತೇವೆ.

‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯ ಕಥೆಯನ್ನು ಪೂರ್ತಿ ಓದಲಾಗಲಿಲ್ಲವೆಂದು ವಿದ್ಯಾರ್ಥಿಯೊಬ್ಬ ಹೇಳಿದ. ಆಸನದಲ್ಲಿ ಬಿದ್ದ ಸಾಸಿವೆಕಾಳು ಒತ್ತಿದ್ದಕ್ಕೇ ಮಿಸುಕಾಡಿದ ಆ ಮೈಯನ್ನು ಕಡೆಯಲ್ಲಿ ಹೆಣ್ಣುನರಿ ಮರಿಗಳೊಡನೆ ತಿನ್ನುತ್ತದೆ. ಪುಸ್ತಕ ಮುಚ್ಚಿಟ್ಟ ಆ ಹುಡುಗನಿಗೆ ಕಥೆ ನಾಟಿದೆ. ಕೃತಿಯ ಹೆಸರು, ಕರ್ತೃ, ಕಾಲಗಳ ಬಗ್ಗೆ ನಾವು ಬರೆದ ಪುಟಗಳಿಗೆ (ನನ್ನವೂ ಸೇರಿ) ಆ ಭಾಗ್ಯವಿಲ್ಲ.

‘ಭರತೇಶವೈಭವ’ವನ್ನು ಓದಿದ ನಿವೃತ್ತ ಇಂಜಿನಿಯರರೊಬ್ಬರದು ಒಂದೇ ಮಾತು: “ಸಪ್ಪೆ.” ಪಂಪನ ‘ಆದಿಪುರಾಣ’ದಲ್ಲಿ ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಗೆದ್ದು, ಎತ್ತಿ ಹಿಡಿದ ಅಣ್ಣನನ್ನು ಕೆಳಗಿಳಿಸಿ ಎಲ್ಲವನ್ನೂ ತೊರೆದ ಬಾಹುಬಲಿಯನ್ನು ಕಂಡು ಬಂದವರಿಗೆ, ಭರತನು ಮಾತಿನಿಂದಲೇ ತಮ್ಮನನ್ನು ಗೆಲ್ಲುವ ರತ್ನಾಕರವರ್ಣಿಯ ಪ್ರಸಂಗ ಹಾಗೆನಿಸಿದರೆ ಆಶ್ಚರ್ಯವಿಲ್ಲ. ನಾನು ಅರ್ಧ ಒಪ್ಪುತ್ತೇನೆ. ಭೋಗದ ನಡುವೆಯೇ ಯೋಗಿಯಾದ ಭರತ ಸೋಲುವಂತಿಲ್ಲ. ಅದಕ್ಕೆ ತೆತ್ತ ಬೆಲೆ ಬಾಹುಬಲಿಯ ಎತ್ತರ. ಸಾಂಗತ್ಯದ ಸರಾಗ ನಡೆಯನ್ನು ಅವರು ಗಮನಿಸಲಿಲ್ಲವೆಂಬುದು ಮಾತ್ರ ನನ್ನ ತಕರಾರು.

ಸಾಮಾನ್ಯರ ಅಭಿಪ್ರಾಯಗಳೆಲ್ಲ ಬೆಲೆಯುಳ್ಳವೆಂದಲ್ಲ. ನಮ್ಮ ಸಮಾಜದಲ್ಲಿ ಹೆಚ್ಚು ಕೇಳಿಬರುವುದು ತೆರೆಯದ ಪುಸ್ತಕದ ಹೊಗಳಿಕೆ. ಬಿಡುಗಡೆಯ ದಿನ ‘ಅಮರ ಕೃತಿ’ ಎನ್ನುತ್ತಾರೆ, ಪ್ರತಿಗಳು ಕಪಾಟು ಸೇರುತ್ತವೆ. ಅದಕ್ಕಿಂತ ಓದಿ ಹೇಳಿದ ‘ಸಪ್ಪೆ’ ಎಷ್ಟೋ ಮೇಲು. ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂದು ಪ್ರತಿ ವೇದಿಕೆಯಲ್ಲೂ ನೆನೆಯುತ್ತೇವೆ, ಶಾಸ್ತ್ರದಾನ ಇಂದೂ ನಡೆದಿದೆ. ಹಾಗೆ ಪಡೆದ ಪ್ರತಿಯನ್ನು ಓದಿದವರು ಸಿಕ್ಕರೆ ನಾನು ಮೊದಲು ಕೇಳುವುದು, ಎಲ್ಲಿ ಬೇಸರವಾಯಿತು ಎಂದು.